ಚೆನ್ನಾಗಿಲ್ಲದ ಕಾರ್ಟೂನು ಅಪರಾಧವಾ?

2012ರ ಸೆಪ್ಟೆಂಬರ್‌ನಲ್ಲಿ ಮುಂಬೈ ಪೊಲೀಸರು ಅಸೀಮ್ ತ್ರಿವೇದಿ ಎಂಬ ವ್ಯಂಗ್ಯಚಿತ್ರಕಾರರನ್ನು ಬಂಧಿಸಿದರು. ಕಾನ್ಪುರದ ತರುಣ, ಆಗ 25 ವರ್ಷ. ಅಣ್ಣಾ ಹಜಾರೆ ಚಳವಳಿಯ ದಿನಗಳಲ್ಲಿ ಅವರು ಭ್ರಷ್ಟಾಚಾರದ ವಿರುದ್ಧ ಒಂದಷ್ಟು ಚಿತ್ರ ಬರೆದಿದ್ದರು. ಒಂದರಲ್ಲಿ ರಾಷ್ಟ್ರಲಾಂಛನದ ಸಿಂಹಗಳ ಜಾಗದಲ್ಲಿ ತೋಳಗಳಿದ್ದವು. ಕೆಳಗೆ 'ಸತ್ಯಮೇವ ಜಯತೇ' ಬದಲು 'ಭ್ರಷ್ಟಮೇವ ಜಯತೇ' ಎಂದಿತ್ತು. ಇನ್ನೊಂದರಲ್ಲಿ ಸಂಸತ್ ಭವನವನ್ನು ಕಮೋಡ್ ಮಾಡಿದ್ದರು. ಮತ್ತೊಂದರಲ್ಲಿ ರಾಜಕಾರಣಿ, ಅಧಿಕಾರಿ ಸೇರಿ ಭಾರತಮಾತೆಯ ಮೇಲೆ ಅತ್ಯಾಚಾರ ನಡೆಸುವ ದೃಶ್ಯವಿತ್ತು.

ಅವರ ಮೇಲೆ ಹೊರಿಸಿದ ಆರೋಪಗಳಲ್ಲಿ ಮುಖ್ಯವಾದದ್ದು ಭಾರತೀಯ ದಂಡ ಸಂಹಿತೆಯ ಸೆಕ್ಷನ್ 124ಎ, ಅಂದರೆ ರಾಜದ್ರೋಹ. ಅದಕ್ಕೆ ಜೀವಾವಧಿ ಶಿಕ್ಷೆಯವರೆಗೂ ಅವಕಾಶವಿತ್ತು. ಬ್ರಿಟಿಷರು 1870ರಲ್ಲಿ ತಂದ ಕಾನೂನು. ತಿಲಕರನ್ನು, ಗಾಂಧೀಜಿಯನ್ನು ಜೈಲಿಗೆ ಹಾಕಿದ್ದು ಇದೇ ಸೆಕ್ಷನ್ನಿನಲ್ಲಿ.

ನನಗೆ ಆ ಚಿತ್ರಗಳು ಆಗಲೂ ಇಷ್ಟವಾಗಲಿಲ್ಲ, ಈಗಲೂ ಇಲ್ಲ. ಮೂರನೆಯದಂತೂ ನೋಡಲೇ ಆಗಲಿಲ್ಲ. ಹೆಣ್ಣಿನ ಮೇಲಿನ ದೌರ್ಜನ್ಯವನ್ನು ಲಂಚಕ್ಕೆ ಹೋಲಿಕೆಯಾಗಿ ಬಳಸುವುದು ನನಗೆ ಒಪ್ಪಿಗೆಯಾಗುವ ಮಾತಲ್ಲ. "ಇಂಥವನ್ನೆಲ್ಲ ಬರೆದರೆ ಒಳಗೆ ಹಾಕದೆ ಇನ್ನೇನು ಮಾಡ್ತಾರೆ?" ಎಂದು ಆಗ ನನ್ನ ಬಾಯಲ್ಲೂ ಬಂದಿತ್ತು. ಆ ಅಭಿಪ್ರಾಯ ಬದಲಾಗಿದ್ದು ಬಾಂಬೆ ಹೈಕೋರ್ಟ್ ಈ ಪ್ರಕರಣದಲ್ಲಿ ಹೇಳಿದ್ದನ್ನು ಓದಿದ ಮೇಲೆ.

ಹೈಕೋರ್ಟಿನ ತೀರ್ಪು ಬಂದದ್ದು 2015ರ ಮಾರ್ಚ್ 17ರಂದು. ಅಷ್ಟು ಹೊತ್ತಿಗೆ ಮಹಾರಾಷ್ಟ್ರ ಸರ್ಕಾರವೇ ರಾಜದ್ರೋಹದ ಆರೋಪ ಕೈಬಿಟ್ಟಿತ್ತು. ಆದರೂ ನ್ಯಾಯಾಲಯ ಚಿತ್ರಗಳನ್ನು ನೋಡಿತು. ಅವುಗಳಲ್ಲಿ ಭ್ರಷ್ಟಾಚಾರದ ಮೇಲಿನ ಸಿಟ್ಟು ಮತ್ತು ಅಸಹ್ಯ ತುಂಬಿದೆ, ಚಾತುರ್ಯವಾಗಲಿ ಹಾಸ್ಯವಾಗಲಿ ವ್ಯಂಗ್ಯವಾಗಲಿ ಇಲ್ಲ ಎಂದಿತು. ಒಬ್ಬ ವ್ಯಂಗ್ಯಚಿತ್ರಕಾರನಿಗೆ ಇದಕ್ಕಿಂತ ಕಟುವಾದ ವಿಮರ್ಶೆ ಬೇಕಾ? ಆದರೆ ಅದರ ಬೆನ್ನಿಗೇ ನ್ಯಾಯಾಲಯ ಇನ್ನೊಂದು ಮಾತು ಹೇಳಿತು. ಹಾಸ್ಯ ಇಲ್ಲ ಎಂಬ ಕಾರಣಕ್ಕೆ ಒಬ್ಬರ ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಕಸಿದುಕೊಳ್ಳಲು ಆಗುವುದಿಲ್ಲ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಆ ಎರಡು ಮಾತುಗಳ ನಡುವೆ ಇದೆ. ಕಾರ್ಟೂನು ಚೆನ್ನಾಗಿದೆಯಾ, ಅಭಿರುಚಿ ಇದೆಯಾ, ಮರ್ಯಾದೆಯಿಂದ ಇದೆಯಾ ಎಂಬುದು ಒಂದು ಪ್ರಶ್ನೆ. ಅದಕ್ಕೆ ಉತ್ತರ ಹೇಳುವ ಹಕ್ಕು ನಿಮಗೂ ಇದೆ, ನನಗೂ ಇದೆ. ಅದು ಅಪರಾಧವಾ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಕಾನೂನಿನಲ್ಲಿ ಸಿಗಬೇಕು. ನಾವು ಈ ಎರಡನ್ನೂ ಸಾರಿನ ಜೊತೆ ಮಜ್ಜಿಗೆ ಕಲಸಿದ ಹಾಗೆ ಕಲಸಿಬಿಡುತ್ತೇವೆ. ಗೊಂದಲ ಶುರುವಾಗುವುದೇ ಅಲ್ಲಿ.

ಹಾಗಾದರೆ ಕಾನೂನು ಏನು ಹೇಳುತ್ತದೆ?

ಸಂವಿಧಾನದ 19(1)(ಎ) ವಿಧಿ ಪ್ರತಿಯೊಬ್ಬ ನಾಗರಿಕನಿಗೂ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ ಕೊಡುತ್ತದೆ. ಗೆರೆ ಎಳೆಯುವುದೂ ಅದರಲ್ಲಿ ಸೇರಿದೆ. 19(2)ನೇ ವಿಧಿ ಆ ಸ್ವಾತಂತ್ರ್ಯಕ್ಕೆ ಎಲ್ಲಿ ಬೇಲಿ ಹಾಕಬಹುದು ಎಂದು ಹೇಳುತ್ತದೆ. ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ಬೇರೆ ದೇಶಗಳ ಜೊತೆಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಇಷ್ಟೇ ಕಾರಣಗಳು. ಈ ಪಟ್ಟಿಯೂ ಮೊದಲು ಹೀಗಿರಲಿಲ್ಲ. 1950ರಲ್ಲಿ ಪತ್ರಿಕೆಗಳ ಪರವಾಗಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ, ಮರುವರ್ಷವೇ ಸರ್ಕಾರ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದಿತು. ಸಾರ್ವಜನಿಕ ಸುವ್ಯವಸ್ಥೆ, ಅಪರಾಧಕ್ಕೆ ಪ್ರಚೋದನೆ ಎಂಬ ಮಾತುಗಳು ಸೇರಿದ್ದು ಆಗ. ಅದರ ಜೊತೆಗೇ ನಿರ್ಬಂಧ 'ಸಮಂಜಸ'ವಾಗಿರಬೇಕು ಎಂಬ ಪದವೂ ಸೇರಿತು. ಆ ಒಂದು ಪದದಿಂದ ನ್ಯಾಯಾಲಯಗಳಿಗೆ ಸರ್ಕಾರವನ್ನು ಪ್ರಶ್ನಿಸುವ ಹಿಡಿತ ಸಿಕ್ಕಿತು.

ಆ ಪಟ್ಟಿಯನ್ನು ಇನ್ನೊಮ್ಮೆ ಓದಿ. 'ನಾಯಕರಿಗೆ ಅಗೌರವ' ಎಂಬ ಕಾರಣ ಅಲ್ಲಿಲ್ಲ. 'ಕೆಟ್ಟ ಅಭಿರುಚಿ' ಇಲ್ಲ. 'ಅಭಿಮಾನಿಗಳ ಮನಸ್ಸಿಗೆ ನೋವು' ಕೂಡ ಇಲ್ಲ. ಟಿವಿ ಚರ್ಚೆಗಳಲ್ಲಿ ನಾವು ಹೆಚ್ಚಾಗಿ ಕೇಳುವ ಈ ಮೂರೂ ಕಾರಣಗಳು ಸಂವಿಧಾನದಲ್ಲಿ ಇಲ್ಲ.

ಇನ್ನು ಪಟ್ಟಿಯಲ್ಲಿರುವ ಕಾರಣಗಳನ್ನು ಹೇಗೆ ಅಳೆಯುವುದು? ಯಾವ ಚಿತ್ರದಿಂದ ಬೇಕಾದರೂ ಗಲಾಟೆ ಆಗಬಹುದು ಎಂದು ಹೇಳಿಬಿಡಬಹುದಲ್ಲ? ಇಲ್ಲಿ ಸುಪ್ರೀಂ ಕೋರ್ಟ್ ಬಳಸುವ ಅಳತೆಗೋಲು ದೂರದ್ದು. ಮಾತಿಗೂ ಅನಾಹುತಕ್ಕೂ ಎಷ್ಟು ದೂರ? ಮೀಸಲಾತಿ ನೀತಿಯನ್ನು ಟೀಕಿಸಿದ ಒಂದು ತಮಿಳು ಸಿನಿಮಾದ ಪ್ರಕರಣದಲ್ಲಿ, 1989ರಲ್ಲಿ, ಕೋರ್ಟ್ ಒಂದು ಹೋಲಿಕೆ ಕೊಟ್ಟಿತು. ಮದ್ದು ತುಂಬಿದ ಪೀಪಾಯಿಗೆ ಬಿದ್ದ ಕಿಡಿಯ ಹಾಗೆ, ಮಾತಿಗೂ ಅಪಾಯಕ್ಕೂ ನೇರವಾದ, ಹತ್ತಿರದ ಸಂಬಂಧ ಇರಬೇಕು. ಎಲ್ಲೋ ಒಂದು ದಿನ ಏನೋ ಆದೀತು ಎಂಬ ಊಹೆ ಸಾಲದು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ, ನನಗೆ ಅದು ಇನ್ನೂ ಮುಖ್ಯ. ಮೆರವಣಿಗೆ ಮಾಡುತ್ತೇವೆ, ಗಲಾಟೆ ಮಾಡುತ್ತೇವೆ ಎಂದು ಯಾರೋ ಬೆದರಿಸಿದರೆ, ಅದಕ್ಕೆ ಹೆದರಿ ಮಾತನಾಡಿದವನ ಬಾಯಿ ಮುಚ್ಚಿಸುವುದು ಬ್ಲ್ಯಾಕ್‌ಮೇಲಿಗೆ ಶರಣಾದಂತೆ. ಬೆದರಿಸುವವರನ್ನು ತಡೆಯುವುದು ಸರ್ಕಾರದ ಕೆಲಸ.

ಎಷ್ಟು ದೂರ ಎಂಬುದಕ್ಕೆ ಇನ್ನೊಂದು ಉದಾಹರಣೆ ನೋಡಿ. ಇಂದಿರಾ ಗಾಂಧಿ ಹತ್ಯೆಯಾದ ದಿನ ಚಂಡೀಗಢದ ಸಿನಿಮಾ ಮಂದಿರವೊಂದರ ಹೊರಗೆ ಇಬ್ಬರು ಖಾಲಿಸ್ತಾನದ ಪರ ಘೋಷಣೆ ಕೂಗಿದರು. ಆ ದಿನ ಅಂಥ ಮಾತಿಗೆ ಯಾರಿಗಾದರೂ ಮೈ ಉರಿಯುತ್ತದೆ. ಆದರೆ ಅಲ್ಲಿದ್ದ ಜನ ಅದಕ್ಕೆ ಕಿವಿಗೊಡಲಿಲ್ಲ, ಏನೂ ಆಗಲಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟ್ ಅದು ರಾಜದ್ರೋಹವಲ್ಲ ಎಂದು ಇಬ್ಬರನ್ನೂ ಬಿಡುಗಡೆ ಮಾಡಿತು.

ಆಮೇಲೆ 2015ರ ಮಾರ್ಚ್ 24 ಬಂತು, ಅಸೀಮ್ ತ್ರಿವೇದಿ ಪ್ರಕರಣದ ತೀರ್ಪಿನಿಂದ ಸರಿಯಾಗಿ ಒಂದು ವಾರಕ್ಕೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಇಂಟರ್ನೆಟ್ಟಿನಲ್ಲಿ 'ಕಿರಿಕಿರಿ' ಮಾಡುವ, 'ತೀರಾ ಆಕ್ಷೇಪಾರ್ಹ'ವಾದ ಸಂದೇಶ ಕಳಿಸಿದರೆ ಮೂರು ವರ್ಷ ಜೈಲು ಎನ್ನುತ್ತಿತ್ತು ಆ ಸೆಕ್ಷನ್. ತ್ರಿವೇದಿಯವರ ಮೇಲೂ ಅದನ್ನು ಹಾಕಿದ್ದರು. ಬಾಳ್ ಠಾಕ್ರೆಯವರು ತೀರಿಕೊಂಡಾಗ ಮುಂಬೈ ಬಂದ್ ಆದದ್ದನ್ನು ಫೇಸ್‌ಬುಕ್ಕಿನಲ್ಲಿ ಪ್ರಶ್ನಿಸಿದ ಪಾಲ್ಘರ್‌ನ ಯುವತಿಯನ್ನೂ, ಅದಕ್ಕೆ ಲೈಕ್ ಒತ್ತಿದ ಗೆಳತಿಯನ್ನೂ ಬಂಧಿಸಿದ ಮೇಲೆ ಶುರುವಾದ ಪ್ರಕರಣ ಅದು. (ಠಾಕ್ರೆಯವರು ರಾಜಕೀಯಕ್ಕೆ ಬರುವ ಮೊದಲು ವೃತ್ತಿಯಿಂದ ವ್ಯಂಗ್ಯಚಿತ್ರಕಾರರಾಗಿದ್ದವರು. ಒಂದು ಕಾಲಕ್ಕೆ ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಜೊತೆ ಒಂದೇ ಪತ್ರಿಕೆಯಲ್ಲಿ ಕೆಲಸ ಮಾಡಿದ್ದವರು.) ಆ ತೀರ್ಪು ಮಾತನ್ನು ಮೂರು ಮೆಟ್ಟಿಲಾಗಿ ನೋಡಿತು. ಒಂದು ವಿಷಯವನ್ನು ಚರ್ಚಿಸುವುದು, ಅದರ ಪರವಾಗಿ ವಾದಿಸುವುದು, ಜನರನ್ನು ಅಪರಾಧಕ್ಕೆ ಹಚ್ಚುವುದು. ಮೊದಲ ಎರಡು ಎಷ್ಟೇ ಅಪ್ರಿಯವಾದರೂ ಸ್ವಾತಂತ್ರ್ಯದ ಒಳಗೇ ಇವೆ. ಮೂರನೆಯ ಮೆಟ್ಟಿಲಿಗೆ ಹೋದಾಗ ಮಾತ್ರ ಕಾನೂನು ಅಡ್ಡ ಬರಬಹುದು.

ಇದೆಲ್ಲ ಮಾತಿನ ಕಥೆಯಾಯಿತು. ಕಾರ್ಟೂನಿಗೆ ಇನ್ನೊಂದು ತೊಡಕಿದೆ. ಲೇಖನ ಬರೆಯುವವರು "ಒಂದು ಕಡೆ ಹೀಗೆ, ಇನ್ನೊಂದು ಕಡೆ ಹಾಗೆ" ಎನ್ನಬಹುದು. ಕಾರ್ಟೂನಿನಲ್ಲಿ ಅದಕ್ಕೆ ಜಾಗವಿಲ್ಲ. ಮೂಗು ಉದ್ದವಿದ್ದರೆ ಇನ್ನೂ ಉದ್ದ ಮಾಡಬೇಕು, ಹೊಟ್ಟೆ ಇದ್ದರೆ ಗುಡಾಣ ಮಾಡಬೇಕು. ಉತ್ಪ್ರೇಕ್ಷೆ ಇಲ್ಲದಿದ್ದರೆ ಅದು ಭಾವಚಿತ್ರವಾಗುತ್ತದೆ. ಯಕ್ಷಗಾನ ನೋಡಿದವರಿಗೆ ಇದು ಹೊಸದಲ್ಲ. ರಾಜನ ವೇಷ ಎಷ್ಟೇ ಗತ್ತಿನಿಂದ ಕುಣಿದರೂ ಹಾಸ್ಯಗಾರ ಬಂದು ಎದುರಿಗೇ ನಿಂತು ಕಾಲೆಳೆಯುತ್ತಾನೆ. ಸಭೆ ನಗುತ್ತದೆ, ಆಟ ಮುಂದುವರಿಯುತ್ತದೆ. ಅಲ್ಲಿ ಹಾಸ್ಯಗಾರನ ಮಾತನ್ನು ಯಾರೂ ಸಾಕ್ಷಿ ಹೇಳಿಕೆಯ ಹಾಗೆ ತೆಗೆದುಕೊಳ್ಳುವುದಿಲ್ಲ. ಕಾರ್ಟೂನನ್ನೂ ಹಾಗೇ ಓದಬೇಕು. ಸಂಸತ್ತನ್ನು ಕಮೋಡ್ ಮಾಡಿ ಬರೆದವರು ಸಂಸತ್ತು ಬೇಡ ಅನ್ನುತ್ತಿದ್ದಾರೋ, ಅದನ್ನು ಹೊಲಸು ಮಾಡಿದವರ ಮೇಲೆ ಸಿಟ್ಟಾಗಿದ್ದಾರೋ ಎಂದು ಒಂದು ಕ್ಷಣ ಯೋಚಿಸಬೇಕು.

ಅಧಿಕಾರದಲ್ಲಿರುವವರಿಗೆ ಆ ಒಂದು ಕ್ಷಣದ ತಾಳ್ಮೆ ಇರುವುದಿಲ್ಲ. ಇದು ಒಂದು ಪಕ್ಷದ ಕಾಯಿಲೆ ಅಲ್ಲ, ಎಲ್ಲ ಬಣ್ಣದ ಬಾವುಟಗಳಿಗೂ ಇದೆ. 1987ರಲ್ಲಿ ತಮಿಳು ವಾರಪತ್ರಿಕೆ 'ಆನಂದ ವಿಕಟನ್' ಮುಖಪುಟದಲ್ಲಿ ಒಂದು ನಗೆಚಿತ್ರ ಬಂತು. ವೇದಿಕೆಯ ಮೇಲೆ ಇಬ್ಬರು ಕೂತಿದ್ದಾರೆ. ಇವರಲ್ಲಿ ಶಾಸಕ ಯಾರು, ಮಂತ್ರಿ ಯಾರು ಎಂದು ಒಬ್ಬ ಕೇಳುತ್ತಾನೆ. ಜೇಬುಗಳ್ಳನ ಹಾಗಿರುವವನು ಶಾಸಕ, ಮುಖವಾಡ ಹಾಕಿದ ದರೋಡೆಕೋರನ ಹಾಗಿರುವವನು ಮಂತ್ರಿ ಎಂಬುದು ಉತ್ತರ. ಯಾರ ಹೆಸರೂ ಇರಲಿಲ್ಲ. ಆದರೂ ತಮಿಳುನಾಡು ವಿಧಾನಸಭೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಿತು. ಹಕ್ಕುಚ್ಯುತಿ, ಅಂದರೆ ಸದನದ ವಿಶೇಷ ಹಕ್ಕಿಗೆ ಧಕ್ಕೆ, ಎಂದು ಸಂಪಾದಕ ಎಸ್. ಬಾಲಸುಬ್ರಮಣಿಯನ್ ಅವರಿಗೆ ಮೂರು ತಿಂಗಳ ಕಠಿಣ ಸಜೆ ವಿಧಿಸಿತು. ದೇಶದ ಪತ್ರಿಕೆಗಳೆಲ್ಲ ಎದ್ದು ನಿಂತವು, ಕೆಲವೇ ದಿನಗಳಲ್ಲಿ ಬಿಡಬೇಕಾಯಿತು. ಆಮೇಲೆ ಮದ್ರಾಸ್ ಹೈಕೋರ್ಟ್ ಅವರಿಗೆ ಸಾಂಕೇತಿಕವಾಗಿ 1,000 ರೂಪಾಯಿ ಪರಿಹಾರ ಕೊಡಿಸಿತು.

ಹಕ್ಕುಚ್ಯುತಿ ಎಂಬ ಈ ಅಸ್ತ್ರವನ್ನು ಸ್ವಲ್ಪ ಗಮನಿಸಿ. ಇಲ್ಲಿ ದೂರು ಕೊಡುವುದೂ ಸದನ, ವಿಚಾರಣೆ ಮಾಡುವುದೂ ಸದನ, ಶಿಕ್ಷೆ ಕೊಡುವುದೂ ಸದನ. ನಮ್ಮ ಕರ್ನಾಟಕ ವಿಧಾನಸಭೆಯೂ 2017ರ ಜೂನ್‌ನಲ್ಲಿ ಶಾಸಕರ ಬಗ್ಗೆ ಬಂದ ಲೇಖನಗಳಿಗಾಗಿ ಇಬ್ಬರು ಪತ್ರಕರ್ತರಿಗೆ ತಲಾ ಒಂದು ವರ್ಷ ಜೈಲು ಎಂದು ನಿರ್ಣಯ ಮಾಡಿತ್ತು. ಲೇಖನದಲ್ಲಿ ಸುಳ್ಳಿದ್ದರೆ ಮಾನನಷ್ಟ ಮೊಕದ್ದಮೆ ಹೂಡಬಹುದಿತ್ತು, ಅಲ್ವಾ? ಅಲ್ಲಾದರೆ ಮೂರನೆಯವರೊಬ್ಬರು ಕೂತು ತೀರ್ಮಾನ ಮಾಡುತ್ತಾರೆ.

ಎಲ್ಲರೂ ಹೀಗೇ ಇದ್ದರು ಎಂದಲ್ಲ. 1948ರಲ್ಲಿ ವ್ಯಂಗ್ಯಚಿತ್ರಕಾರ ಕೆ. ಶಂಕರ್ ಪಿಳ್ಳೈ ತಮ್ಮ ವ್ಯಂಗ್ಯ ವಾರಪತ್ರಿಕೆ 'ಶಂಕರ್ಸ್ ವೀಕ್ಲಿ' ಶುರು ಮಾಡಿದಾಗ ನೆಹರೂ "ನನ್ನನ್ನೂ ಬಿಡಬೇಡ ಶಂಕರ್" ಎಂದದ್ದು ಹೆಸರಾದ ಮಾತು. ಶಂಕರ್ ಬಿಡಲೂ ಇಲ್ಲ. ಅದೇ ಪತ್ರಿಕೆ ನೆಹರೂ ಮಗಳ ತುರ್ತುಪರಿಸ್ಥಿತಿಯ ಕಾಲದಲ್ಲಿ, 1975ರಲ್ಲಿ, ಮುಚ್ಚಿತು. ಸರ್ವಾಧಿಕಾರಕ್ಕೆ ನಗು ಸಹಿಸಲು ಆಗುವುದಿಲ್ಲ ಎಂಬ ಅರ್ಥದ ಮಾತುಗಳನ್ನು ಬರೆದು ಶಂಕರ್ ಬಾಗಿಲು ಹಾಕಿದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಇನ್ನೊಬ್ಬ ವ್ಯಂಗ್ಯಚಿತ್ರಕಾರ ಅಬು ಅಬ್ರಹಾಂ ಒಂದು ಚಿತ್ರ ಬರೆದರು. ರಾಷ್ಟ್ರಪತಿ ಸ್ನಾನದ ತೊಟ್ಟಿಯಲ್ಲಿ ಕೂತೇ ಸುಗ್ರೀವಾಜ್ಞೆಗೆ ಸಹಿ ಹಾಕಿ ಬಾಗಿಲಾಚೆ ಕೊಡುತ್ತಿದ್ದಾರೆ, ಇನ್ನೂ ಇದ್ದರೆ ಸ್ವಲ್ಪ ಕಾಯಲು ಹೇಳಿ ಎನ್ನುತ್ತಿದ್ದಾರೆ. ಆ ಕಾಲದಲ್ಲಿ ದೇಶ ಹೇಗೆ ನಡೆಯುತ್ತಿತ್ತು ಎಂದು ಇವತ್ತಿನ ಹುಡುಗರಿಗೆ ಹೇಳಲು ಆ ಒಂದು ಚಿತ್ರ ಸಾಕು. ದೇಶದ ಅತಿ ದೊಡ್ಡ ಹುದ್ದೆಯಲ್ಲಿರುವವರನ್ನು ಸ್ನಾನದ ಮನೆಯಲ್ಲಿ ತೋರಿಸುವುದು ಅಗೌರವ ಅಲ್ವಾ ಎಂದರೆ, ಹೌದು. ಆದರೆ ಆ ಅಗೌರವ ಇಲ್ಲದಿದ್ದರೆ ಚಿತ್ರದಲ್ಲಿ ಹುರುಳೇ ಇರುತ್ತಿರಲಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಸುಲಭದ ಪ್ರಕರಣಗಳು. ಒಂದು ಕಡೆ ಅಧಿಕಾರ, ಇನ್ನೊಂದು ಕಡೆ ಪೆನ್ನು. ಯಾರ ಪರ ನಿಲ್ಲಬೇಕು ಎಂದು ಜಾಸ್ತಿ ಯೋಚಿಸಬೇಕಾಗಿಲ್ಲ. ಆದರೆ ನನಗೆ ಇವತ್ತಿಗೂ ಸಲೀಸಾಗಿ ಉತ್ತರ ಸಿಗದ ಪ್ರಕರಣ ಒಂದಿದೆ. ಅದೂ ಇದೇ ಶಂಕರ್ ಅವರದ್ದು.

1949ರ ಆಗಸ್ಟ್‌ನಲ್ಲಿ ಅವರು ಒಂದು ಚಿತ್ರ ಬರೆದರು. ಸಂವಿಧಾನ ರಚನೆ ನಿಧಾನವಾಗುತ್ತಿದೆ ಎಂಬ ಮಾತು ಎಲ್ಲೆಡೆ ಇದ್ದ ಕಾಲ. ಚಿತ್ರದಲ್ಲಿ ಸಂವಿಧಾನ ಒಂದು ಬಸವನಹುಳು. ಅದರ ಮೇಲೆ ಡಾ. ಅಂಬೇಡ್ಕರ್ ಚಾಟಿ ಹಿಡಿದು ಕೂತಿದ್ದಾರೆ. ಹಿಂದೆ ನೆಹರೂ ಕೂಡ ಚಾಟಿ ಎತ್ತಿದ್ದಾರೆ. ಸುತ್ತ ಜನ ನಿಂತು ನೋಡುತ್ತಿದ್ದಾರೆ. ಇಬ್ಬರೂ ಹುಳುವನ್ನು ಬೇಗ ಓಡಿಸಲು ನೋಡುತ್ತಿದ್ದಾರೆ ಎಂಬುದು ಶಂಕರ್ ಇಟ್ಟುಕೊಂಡಿದ್ದ ಅರ್ಥ ಇರಬೇಕು. 2006ರಲ್ಲಿ ಎನ್‌ಸಿಇಆರ್‌ಟಿಯ 11ನೇ ತರಗತಿಯ ರಾಜ್ಯಶಾಸ್ತ್ರ ಪುಸ್ತಕದಲ್ಲಿ ಆ ಚಿತ್ರ ಬಂತು. ಸಂವಿಧಾನ ಮಾಡಲು ಅಷ್ಟು ಸಮಯ ಯಾಕೆ ಹಿಡಿಯಿತು ಎಂದು ಮಕ್ಕಳು ಚರ್ಚಿಸಲಿ ಎಂಬುದು ಉದ್ದೇಶ. 2012ರ ಮೇ ತಿಂಗಳಲ್ಲಿ ಸಂಸತ್ತಿನಲ್ಲಿ ಕೋಲಾಹಲವಾಯಿತು. ಸರ್ಕಾರ ಕ್ಷಮೆ ಕೇಳಿ ಚಿತ್ರ ತೆಗೆಯುವುದಾಗಿ ಹೇಳಿತು. ಪುಸ್ತಕದ ಮುಖ್ಯ ಸಲಹೆಗಾರರಾಗಿದ್ದ ಯೋಗೇಂದ್ರ ಯಾದವ್, ಸುಹಾಸ್ ಪಳಶೀಕರ್ ರಾಜೀನಾಮೆ ಕೊಟ್ಟರು. ಪುಣೆಯಲ್ಲಿ ಪಳಶೀಕರ್ ಅವರ ಕಚೇರಿಯ ಮೇಲೆ ದಾಳಿಯೂ ಆಯಿತು.

ಈಗ ಆ ಚಿತ್ರವನ್ನು ಒಂದು ದಲಿತ ಮನೆಯ ಹುಡುಗಿ ತರಗತಿಯಲ್ಲಿ ಕೂತು ನೋಡುತ್ತಿದ್ದಾಳೆ ಎಂದುಕೊಳ್ಳಿ. ಅವಳಿಗೆ ಮೊದಲು ಕಾಣುವುದು ಬಸವನಹುಳುವಾ? ತನ್ನ ಮನೆಯ ಗೋಡೆಯ ಮೇಲೆ ಫೋಟೋದಲ್ಲಿರುವ ಬಾಬಾಸಾಹೇಬರ ಬೆನ್ನ ಹಿಂದೆ ಮೇಲ್ಜಾತಿಯ ಒಬ್ಬರು ಎತ್ತಿದ ಚಾಟಿಯಾ? ಚಾಟಿ ಅವಳ ಅಜ್ಜನ ನೆನಪಿನಲ್ಲಿ ಬರೀ ಹೋಲಿಕೆಯ ವಸ್ತು ಆಗಿರಲಿಕ್ಕಿಲ್ಲ. ಸುತ್ತ ನಿಂತ ಜನರ ನಗು ಅವಳಿಗೆ ಗೊತ್ತಿರುವ ನಗು. ಬರೆದವರ ಮನಸ್ಸಿನಲ್ಲಿ ಅದು ಇರಲಿಲ್ಲ ಎಂದರೂ ನೋಡುವವರ ಕಣ್ಣಿಗೆ ಅದು ಕಾಣುತ್ತದೆ. "ಕಾರ್ಟೂನ್ ಅರ್ಥ ಮಾಡಿಕೊಳ್ಳಲು ಬರಲ್ಲ" ಎಂದು ಆಗ ಎಷ್ಟೋ ಜನ ಆಡಿಕೊಂಡರು. ನನಗೆ ಅದು ಅನ್ಯಾಯದ ಮಾತು ಎನಿಸುತ್ತದೆ. ಅವರು ಚೆನ್ನಾಗಿಯೇ ಅರ್ಥ ಮಾಡಿಕೊಂಡಿದ್ದರು. ಬೇರೆಯವರ ಕಣ್ಣಿಗೆ ಬೀಳದಿದ್ದದ್ದು ಅವರ ಕಣ್ಣಿಗೆ ಬಿದ್ದಿತ್ತು.

ಹಾಗಾದರೆ ಇಲ್ಲಿ ವಾಕ್ ಸ್ವಾತಂತ್ರ್ಯದ ಎಲ್ಲೆ ದಾಟಿತ್ತಾ? ಇಲ್ಲ. ಆ ಚಿತ್ರ ಬರೆದದ್ದು ಅಪರಾಧ ಎಂದು ಯಾರೂ ಗಂಭೀರವಾಗಿ ಹೇಳಲಾರರು. ಅಂಬೇಡ್ಕರ್ ಅವರ ಕಾಲದಲ್ಲೇ ಅದು ಅಚ್ಚಾಗಿತ್ತು. ಆದರೆ ಪಠ್ಯಪುಸ್ತಕದಲ್ಲಿ ಯಾವ ಚಿತ್ರ ಇರಬೇಕು ಎಂಬುದು ಮೂರನೆಯದೇ ಒಂದು ಪ್ರಶ್ನೆ, ಶಿಕ್ಷಣದ ಪ್ರಶ್ನೆ. ಅಲ್ಲಿ ಮಕ್ಕಳಿಗೆ ಪುಟ ತಿರುಗಿಸಿ ಹೋಗುವ ಆಯ್ಕೆ ಇಲ್ಲ. ಹಾಗಾಗಿ ಆಯ್ಕೆ ಮಾಡುವವರ ಹೊಣೆ ಹೆಚ್ಚು. ತೆಗೆಯಬೇಕು ಎಂದು ಕೇಳಿದವರು ಸ್ವಾತಂತ್ರ್ಯದ ಶತ್ರುಗಳಲ್ಲ. ಕಚೇರಿಗೆ ನುಗ್ಗಿದವರು ಮಾಡಿದ್ದು ಮಾತ್ರ ಅಪರಾಧ. ಸಂಸತ್ತು ಒಂದೇ ದಿನದಲ್ಲಿ, ಚರ್ಚೆಯೇ ಇಲ್ಲದೆ, ಕೈತೊಳೆದುಕೊಂಡದ್ದು ತಪ್ಪು. ಆ ಹುಡುಗಿಗೂ ಅವಳ ಪಕ್ಕದಲ್ಲಿ ಕೂತ ಗೆಳತಿಗೂ ಮಾತಾಡಿಕೊಳ್ಳಲು ಸಿಗಬೇಕಿದ್ದ ಅವಕಾಶ ಅದರಿಂದ ತಪ್ಪಿಹೋಯಿತು.

ಧರ್ಮದ ಮಾತು ಬಂದರೆ ಕಾನೂನು ಇನ್ನೊಂದು ದಾರಿ ಹಿಡಿಯುತ್ತದೆ. ಹಳೆಯ ದಂಡ ಸಂಹಿತೆಯ 295ಎ, ಈಗಿನ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 299, ಒಂದು ವರ್ಗದ ಧರ್ಮವನ್ನು ಅವಮಾನಿಸುವುದನ್ನು ಅಪರಾಧ ಎನ್ನುತ್ತದೆ. 1927ರಲ್ಲಿ ತಂದ ಕಾನೂನು. ಆದರೆ ಅದರಲ್ಲೂ ಒಂದು ಬಿಗಿ ಇದೆ. 'ಉದ್ದೇಶಪೂರ್ವಕ'ವಾಗಿ ಮತ್ತು 'ದುರುದ್ದೇಶ'ದಿಂದ ಮಾಡಿರಬೇಕು. ಬಾಯ್ತಪ್ಪಿನ ಮಾತು, ಅಜ್ಞಾನದ ಮಾತು ಇದರಲ್ಲಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿದೆ. ಡೆನ್ಮಾರ್ಕಿನ ಪತ್ರಿಕೆಯೊಂದು 2005ರಲ್ಲಿ ಪ್ರವಾದಿಯ 12 ಚಿತ್ರ ಅಚ್ಚು ಮಾಡಿದ ಮೇಲೆ ಜಗತ್ತಿನಲ್ಲಿ ಏನಾಯಿತು, 2015ರ ಜನವರಿಯಲ್ಲಿ ಪ್ಯಾರಿಸ್ಸಿನ ವ್ಯಂಗ್ಯಪತ್ರಿಕೆ 'ಚಾರ್ಲಿ ಹೆಬ್ಡೋ' ಕಚೇರಿಯ ದಾಳಿಯಲ್ಲಿ 12 ಜನ ಹೇಗೆ ಸತ್ತರು ಎಂಬುದು ಎಲ್ಲರಿಗೂ ಗೊತ್ತು. ನಮ್ಮಲ್ಲಿ ರಾಜಕೀಯ ಕಾರ್ಟೂನಿಗೆ ಈ ಸೆಕ್ಷನ್ ಹಾಕುವುದು ಈಚೆಗೆ ಹೆಚ್ಚಾಗಿದೆ. ನಾಯಕನನ್ನು ಅಣಕಿಸಿದ ಚಿತ್ರದಲ್ಲಿ ದೇವರ ಹೆಸರು ಎಲ್ಲೋ ಒಂದು ಕಡೆ ಇದ್ದರೆ ಸಾಕು.

ಇನ್ನು ನನಗೆ ಎಲ್ಲಕ್ಕಿಂತ ಜಾಸ್ತಿ ಕಳವಳ ತರುವ ವಿಷಯಕ್ಕೆ ಬರುತ್ತೇನೆ. ಮೇಲೆ ಹೇಳಿದ ತೀರ್ಪುಗಳೆಲ್ಲ ಓದಲು ಚೆಂದ. ಆದರೆ ಅವು ಕೈಗೆ ಸಿಗುವಷ್ಟರಲ್ಲಿ ಏನೇನಾಗಿರುತ್ತದೆ?

ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರ 2012ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಕುರಿತ ಒಂದು ಚಿತ್ರವನ್ನು ಇಮೇಲಿನಲ್ಲಿ ಫಾರ್ವರ್ಡ್ ಮಾಡಿದರು. ಅದೂ ಯಾರನ್ನೂ ನೋಯಿಸದ, ಸಿನಿಮಾ ಸಂಭಾಷಣೆಯನ್ನು ಬಳಸಿದ ತಮಾಷೆ. ಅವರನ್ನು ಬಂಧಿಸಲಾಯಿತು. ರಾಜ್ಯದ ಮಾನವ ಹಕ್ಕುಗಳ ಆಯೋಗ ಪರಿಹಾರ ಕೊಡಿ ಎಂದಿತು. ಅವರ ಮೇಲೆ ಹಾಕಿದ್ದ 66ಎ ರದ್ದಾಯಿತು. ಆದರೂ ಮೊಕದ್ದಮೆ ಮುಗಿಯಲಿಲ್ಲ. ಅವರು ಪೂರ್ತಿ ಬಿಡುಗಡೆಯಾದದ್ದು 2023ರ ಜನವರಿಯಲ್ಲಿ. ಒಂದು ಫಾರ್ವರ್ಡಿಗೆ ಸುಮಾರು ಹನ್ನೊಂದು ವರ್ಷ ಕೋರ್ಟು ಕಚೇರಿ ಅಲೆದಾಟ. ಅವರಿಗೆ ಯಾವ ನ್ಯಾಯಾಧೀಶರೂ ಶಿಕ್ಷೆ ಕೊಡಲಿಲ್ಲ. ಆದರೆ ಹನ್ನೊಂದು ವರ್ಷ ಅಲೆದದ್ದು ಶಿಕ್ಷೆಯಲ್ಲದೆ ಇನ್ನೇನು?

ನಮ್ಮ ಬೀದರ್‌ನಲ್ಲಿ 2020ರ ಜನವರಿಯಲ್ಲಿ ಶಾಲೆಯೊಂದರಲ್ಲಿ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ನಾಟಕ ಆಡಿದರು. ಅದರಲ್ಲಿ ಪ್ರಧಾನಿಯ ಬಗ್ಗೆ ಒರಟು ಮಾತಿತ್ತು ಎಂದು ರಾಜದ್ರೋಹದ ಕೇಸು ಬಿತ್ತು. ಒಬ್ಬ ಶಿಕ್ಷಕಿ, ಒಬ್ಬ ವಿದ್ಯಾರ್ಥಿನಿಯ ತಾಯಿ ಜೈಲಿಗೆ ಹೋದರು. ಮೂರು ವರ್ಷ ಕಳೆದ ಮೇಲೆ, 2023ರ ಜೂನ್‌ನಲ್ಲಿ, ಕರ್ನಾಟಕ ಹೈಕೋರ್ಟ್ ಆ ಕೇಸನ್ನು ರದ್ದು ಮಾಡಿತು. ಹೈಕೋರ್ಟ್ ಆ ಮಾತನ್ನು ಮೆಚ್ಚಲಿಲ್ಲ. ಅದು ಅವಹೇಳನಕಾರಿ, ಬೇಜವಾಬ್ದಾರಿಯ ಮಾತು ಎಂದೇ ಹೇಳಿತು. ಆದರೆ ರಾಜದ್ರೋಹ ಅಲ್ಲ ಎಂದಿತು. ಬಾಂಬೆ ಹೈಕೋರ್ಟ್ ಮಾಡಿದ ಕೆಲಸವೇ ಇದು. ಮೊದಲ ಪ್ರಶ್ನೆಗೆ 'ಚೆನ್ನಾಗಿಲ್ಲ' ಎಂಬ ಉತ್ತರ, ಎರಡನೆಯದಕ್ಕೆ 'ಅಪರಾಧವಲ್ಲ' ಎಂಬ ಉತ್ತರ.

ರಾಜದ್ರೋಹದ ಸೆಕ್ಷನ್ 124ಎ ಈಗ ಹಳೆಯ ಹೆಸರಿನಲ್ಲಿ ಇಲ್ಲ. 2022ರ ಮೇನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಹಿಡಿಯಿತು. 2024ರ ಜುಲೈ 1ರಿಂದ ಹೊಸ ಸಂಹಿತೆ ಬಂತು. ಅದರ ಸೆಕ್ಷನ್ 152ರಲ್ಲಿ 'ರಾಜದ್ರೋಹ' ಎಂಬ ಪದ ಇಲ್ಲ, ಆದರೆ ಭಾರತದ ಸಾರ್ವಭೌಮತೆ, ಏಕತೆ, ಅಖಂಡತೆಗೆ ಅಪಾಯ ತರುವ ಮಾತು, ಬರಹ, ಚಿತ್ರ ಎಲ್ಲವೂ ಅಪರಾಧ. ಶಿಕ್ಷೆ ಜೀವಾವಧಿಯವರೆಗೂ ಹೋಗಬಹುದು. ಪದ ಹೋಯಿತು, ಭಯ ಹೋಗಲಿಲ್ಲ.

ಇತ್ತೀಚಿನದು ಇಂದೋರ್‌ನ ಹೇಮಂತ್ ಮಾಳವೀಯ ಅವರ ಪ್ರಕರಣ. ಕೋವಿಡ್ ಲಸಿಕೆಯ ಕಾಲದಲ್ಲಿ ಅವರು ಬರೆದ ಹಳೆಯ ಚಿತ್ರದಲ್ಲಿ ಪ್ರಧಾನಿಯೂ ಆರೆಸ್ಸೆಸ್ ಸಮವಸ್ತ್ರದ ಒಬ್ಬ ವ್ಯಕ್ತಿಯೂ ಇದ್ದರು. 2025ರಲ್ಲಿ ಬೇರೊಬ್ಬರು ಅದಕ್ಕೆ ಹೊಸ ಸಾಲು ಸೇರಿಸಿ ಹಂಚಿದರು, ಮಾಳವೀಯ ಅದನ್ನು ಮತ್ತೆ ಹಂಚಿಕೊಂಡರು. ಎಫ್‌ಐಆರ್ ಆಯಿತು. ಜುಲೈ 3ರಂದು ಮಧ್ಯಪ್ರದೇಶ ಹೈಕೋರ್ಟ್ ನಿರೀಕ್ಷಣಾ ಜಾಮೀನು ನಿರಾಕರಿಸಿತು. ಜುಲೈ 15ರಂದು ಸುಪ್ರೀಂ ಕೋರ್ಟ್ ಬಂಧನದಿಂದ ರಕ್ಷಣೆ ಕೊಟ್ಟಿತು. ಆದರೆ ಅಲ್ಲಿಯೂ ಚಿತ್ರದ ಬಗ್ಗೆ ಅಸಮಾಧಾನದ ಮಾತುಗಳು ಬಂದವು. ಮಾಳವೀಯ ಪೋಸ್ಟ್ ತೆಗೆಯಲು ಒಪ್ಪಿದ್ದರು. ನನಗೆ ಇಲ್ಲಿ ಬೇಸರವಾಗುವುದು ಒಂದೇ ವಿಷಯಕ್ಕೆ. ಚಿತ್ರಕಾರ ಜೈಲಿಗೆ ಹೋಗಬೇಕಾ ಎಂದು ತೀರ್ಮಾನಿಸುವ ಜಾಗದಲ್ಲಿ ಚಿತ್ರಕಾರನಿಗೆ ಪ್ರಬುದ್ಧತೆ ಇದೆಯಾ ಎಂಬ ಚರ್ಚೆ ಯಾಕೆ ನಡೆಯಬೇಕು? ಮೊದಲ ಪ್ರಶ್ನೆ ಮತ್ತೆ ಎರಡನೆಯದರ ಕುರ್ಚಿಯಲ್ಲಿ ಬಂದು ಕೂತಿತು.

ಬಂಧನವೇ ಇಲ್ಲದೆ ಚಿತ್ರವನ್ನು ಮಾಯ ಮಾಡುವ ದಾರಿಯೂ ಈಗ ಇದೆ. 2025ರ ಫೆಬ್ರವರಿಯಲ್ಲಿ ಅದೇ 'ವಿಕಟನ್' ಬಳಗದ ಡಿಜಿಟಲ್ ಪತ್ರಿಕೆಯಲ್ಲಿ, ಟ್ರಂಪ್ ಪಕ್ಕದಲ್ಲಿ ಪ್ರಧಾನಿ ಮೋದಿ ಕೈಕಾಲಿಗೆ ಸರಪಳಿ ಹಾಕಿಸಿಕೊಂಡು ಕೂತ ಚಿತ್ರ ಬಂತು. ಅಮೆರಿಕದಿಂದ ಭಾರತೀಯರನ್ನು ಕೋಳ ತೊಡಿಸಿ ವಾಪಸ್ ಕಳಿಸಿದ ಸುದ್ದಿಯ ಬೆನ್ನಿಗೆ ಬಂದ ಚಿತ್ರ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಸೆಕ್ಷನ್ ಬಳಸಿ ಬರೀ ಆ ಚಿತ್ರವನ್ನಲ್ಲ, ವಿಕಟನ್‌ನ ಇಡೀ ಜಾಲತಾಣವನ್ನು ತಡೆಯಲಾಯಿತು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದ ಹಾಗೆ. ಮಾರ್ಚ್ 6ರಂದು ಮದ್ರಾಸ್ ಹೈಕೋರ್ಟ್, ಸದ್ಯಕ್ಕೆ ಆ ಪುಟ ಒಂದನ್ನು ತೆಗೆಯಿರಿ, ಉಳಿದದ್ದನ್ನು ಬಿಡುಗಡೆ ಮಾಡಿ ಎಂದಿತು. ತಾಣ ಮರಳಿ ಬಂತು.

66ಎ ರದ್ದಾದ ತೀರ್ಪಿನಲ್ಲೇ 69ಎ ಉಳಿದುಕೊಂಡಿತ್ತು. ಲಿಖಿತ ಕಾರಣ ಕೊಡಬೇಕು, ಸಮಿತಿ ನೋಡಬೇಕು ಎಂಬ ಕಟ್ಟುಪಾಡು ಇದೆ ಎಂಬುದಕ್ಕೆ ಉಳಿಯಿತು. ಆದರೆ ಈ ಆದೇಶಗಳ ಬಗ್ಗೆ ಗೌಪ್ಯತೆ ಕಾಪಾಡಬೇಕು ಎಂಬ ನಿಯಮವೂ ಇದೆ. ಹಾಗಾಗಿ ಚಿತ್ರ ಬರೆದವರಿಗೆ ಎಷ್ಟೋ ಸಲ ಯಾಕೆ ತೆಗೆದರು ಎಂದೇ ತಿಳಿಯುವುದಿಲ್ಲ. ಈ ಹಗ್ಗಜಗ್ಗಾಟದ ದೊಡ್ಡ ಪಾಲು ನಮ್ಮ ಬೆಂಗಳೂರಿನಲ್ಲೇ ನಡೆದಿದೆ. ಇಂಥ ತಡೆ ಆದೇಶಗಳನ್ನು ಪ್ರಶ್ನಿಸಿದ ಟ್ವಿಟರ್‌ನ ಅರ್ಜಿಯನ್ನು 2023ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ 50 ಲಕ್ಷ ರೂಪಾಯಿ ದಂಡ ಹಾಕಿ ವಜಾ ಮಾಡಿತು. ಅದೇ ಕಂಪನಿ ಎಕ್ಸ್ ಎಂದು ಹೆಸರು ಬದಲಿಸಿಕೊಂಡು ಇಂಟರ್ನೆಟ್ ಕಂಪನಿಗಳಿಗೆ ಪೋಸ್ಟ್ ತೆಗೆಯಿರಿ ಎಂದು ಸೂಚನೆ ಕಳಿಸುವ ಸರ್ಕಾರದ 'ಸಹಯೋಗ್' ಪೋರ್ಟಲ್ ವಿರುದ್ಧ ಹಾಕಿದ ಅರ್ಜಿಯೂ 2025ರ ಸೆಪ್ಟೆಂಬರ್‌ನಲ್ಲಿ ಇಲ್ಲೇ ವಜಾ ಆಯಿತು.

ಇಷ್ಟೆಲ್ಲ ಓದಿದ ಮೇಲೆ "ಹಾಗಾದರೆ ನಾನು ಒಂದು ಕಾರ್ಟೂನು ಹಂಚಿಕೊಂಡರೆ ಏನಾಗಬಹುದು?" ಎಂದು ನೀವು ಕೇಳಬಹುದು. ಒಂದು ಉಪಯೋಗದ ವಿಷಯ ಹೇಳುತ್ತೇನೆ. ಪೊಲೀಸರು, ಕೋರ್ಟುಗಳು ಕೇಸು ನಡೆಸುವ ಕ್ರಮವನ್ನು ಹೇಳುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173(3) ಎಂಬ ಸೆಕ್ಷನ್ ನೆನಪಿಟ್ಟುಕೊಳ್ಳಿ. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆ ಇರುವ ಅಪರಾಧದ ದೂರು ಬಂದರೆ, ಪೊಲೀಸರು ತಕ್ಷಣ ಎಫ್‌ಐಆರ್ ಹಾಕದೆ, ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ಕಾರ್ಟೂನುಗಳ ಮೇಲೆ ಸಾಮಾನ್ಯವಾಗಿ ಹಾಕುವ ನ್ಯಾಯ ಸಂಹಿತೆಯ 196 (ಗುಂಪುಗಳ ನಡುವೆ ದ್ವೇಷ ಹಚ್ಚುವುದು), 299 (ಧರ್ಮಕ್ಕೆ ಅವಮಾನ), 353 (ಗಲಭೆಗೆ ಎಡೆಮಾಡುವ ಹೇಳಿಕೆ, ವದಂತಿ) ಸೆಕ್ಷನ್‌ಗಳು ಈ ಅಳತೆಗೆ ಹೊಂದುತ್ತವೆ. 152 ಹೊಂದುವುದಿಲ್ಲ. 2025ರ ಮಾರ್ಚ್ 28ರಂದು, ಸಂಸದರೊಬ್ಬರು ಹಂಚಿಕೊಂಡ ಒಂದು ಕವಿತೆಯ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಮಾತು ಬರಹಗಳ ದೂರಿನಲ್ಲಿ ಈ ವಿಚಾರಣೆ ಮಾಡುವುದೇ ಸರಿ ಎಂದಿತು. ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ, ಧೈರ್ಯವಂತ ಜನರ ಕಣ್ಣಿನಿಂದ ಅಳೆಯಬೇಕು, ಸಣ್ಣಪುಟ್ಟದಕ್ಕೂ ಹೆದರುವವರ ಕಣ್ಣಿನಿಂದಲ್ಲ ಎಂದೂ ಹೇಳಿತು.

ಆ 14 ದಿನ ಪೊಲೀಸ್ ಅಧಿಕಾರಿಯ ಮೇಜಿನ ಮೇಲೆ ದೂರು ಇರುತ್ತದೆ, ಅದರ ಜೊತೆ ಚಿತ್ರದ ಪ್ರಿಂಟ್ ಇರುತ್ತದೆ. ದೂರು ಕೊಟ್ಟವರು ದೊಡ್ಡವರಿರುತ್ತಾರೆ, ಫೋನು ಮೇಲಿಂದ ಮೇಲೆ ಬರುತ್ತದೆ. ಆ ಅಧಿಕಾರಿ ಆಗ ಕೇಳಿಕೊಳ್ಳಬೇಕಾದದ್ದು ಚಿತ್ರ ತನಗೆ ಹಿಡಿಸಿತಾ ಎಂದಲ್ಲ. ಇದನ್ನು ನೋಡಿ ಯಾರಾದರೂ ಯಾರ ಮೇಲಾದರೂ ಕೈ ಮಾಡುವ ಸಂಭವ ನಿಜವಾಗಿ ಇದೆಯಾ, ಬರೆದವರು ಅದಕ್ಕೇ ಬರೆದರಾ ಎಂದು. ಇಲ್ಲ ಎಂಬ ಉತ್ತರ ಬಂದರೆ ಕಡತ ಅಲ್ಲೇ ಮುಚ್ಚಬೇಕು. ಕೋಲ್ಕತ್ತದಲ್ಲಿ 2012ರಲ್ಲಿ ಯಾರಾದರೂ ಹೀಗೆ ಮುಚ್ಚಿದ್ದರೆ, ಪ್ರಾಧ್ಯಾಪಕರು ಮಾರನೆಯ ದಿನ ಎಂದಿನಂತೆ ರಸಾಯನಶಾಸ್ತ್ರದ ಪಾಠ ಮಾಡಲು ಹೋಗುತ್ತಿದ್ದರು.